ಶಾಲು ಹೊದಿಸಿ ಚೀಲ ಕಸಿದವರು

ವಯಸ್ಸಾದವರನ್ನು ಸೇವೆಯಲ್ಲಿ ತೊಡಗಿಸುವುದು ಹೇಗೆ ಎಂದು ಈಗಿನ ಚರ್ಚುಗಳು ಸಭೆ ಕರೆದು ಚರ್ಚಿಸುತ್ತವೆ. ನನ್ನನ್ನೂ ಕರೆಯುತ್ತಾರೆ. ನಾನು ಹೋಗುವುದಿಲ್ಲ. ನಮ್ಮ ಚರ್ಚಿನಲ್ಲಿ ಒಬ್ಬ ಮುದುಕಿಯ ಸೇವೆ ಕಿತ್ತುಕೊಂಡವನು ನಾನೇ.

ನಿಜಾಮರ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿತ್ತು. ಶಹಾಪುರದ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ನಾನು ಹೊಸ ಮಾಸ್ತರ, ಮೇಲಾಗಿ ಚರ್ಚಿನ ಕಮಿಟಿಯ ಕಾರ್ಯದರ್ಶಿ. ಹಳೆಯದು ಕಂಡರೆ ಮೈ ಉರಿಯುತ್ತಿತ್ತು.

ನನ್ನ ತಾಯಿಯ ತಾಯಿ, ನಮ್ಮ ಆಯಿ, ಪ್ರತಿ ಶನಿವಾರ ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಸಭೆಯವರ ಮನೆಮನೆಗೆ ಹೋಗುತ್ತಿದ್ದಳು. ಒಂದೊಂದು ಮನೆಯಿಂದ ಒಂದು ಹಿಡಿ ಜೋಳದ ಹಿಟ್ಟು, ದೇವರ ಪಾಲು. ಅದು ಇಲ್ಲದವರ ಮನೆಗೆ ಹೋಗುತ್ತಿತ್ತು. ಹೊಸದಾಗಿ ಬಂದ ಪಾದ್ರಿಗೆ ಇದು ಭಿಕ್ಷೆಯಂತೆ ಕಂಡಿತು. ನನಗೂ ನಾಚಿಕೆಯೇ. ಚರ್ಚಿನ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟೆವು, ಹಿಟ್ಟು ತಂದು ಅಲ್ಲೇ ಸುರಿಯಿರಿ ಎಂದೆವು. ಆ ಭಾನುವಾರ ಆಯಿಯನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಚಪ್ಪಾಳೆ ತಟ್ಟಿದೆವು. ಶಾಲು ಹೊದಿಸಿದ್ದು ನಾನು.

"ಸಾಕಾತು ಆಯಿ, ಇನ್ನ ಆರಾಮ ಕುಂದ್ರು," ಎಂದೆ.

"ಕುರ್ಚಿ ಮ್ಯಾಲ ಕುಂತ್ರ ಯಾರ ಮನ್ಯಾಗ ಒಲಿ ಹತ್ತಿಲ್ಲ ಅಂತ ನನಗ ಹ್ಯಾಂಗ ತಿಳೀತದ?"

ನಾನು ಅವಳ ಚೀಲ ತಂದು ಮನೆಯ ಗೂಟಕ್ಕೆ ನೇತುಹಾಕಿದೆ.

ಮುಂದಿನ ಭಾನುವಾರ ಡಬ್ಬಿ ತುಂಬಿತ್ತು. ಪಾದ್ರಿ ಹಿಗ್ಗಿದ, ನಾನೂ ಹಿಗ್ಗಿದೆ. ಆಯಿ ಮಾತ್ರ ಕುರ್ಚಿಯಲ್ಲಿ ತಿರುತಿರುಗಿ ಹಿಂದೆ ನೋಡುತ್ತಿದ್ದಳು. ಊರಂಚಿನಲ್ಲಿ ಒಬ್ಬನೇ ಇದ್ದ, ಚಪ್ಪಲಿ ಹೊಲಿಯುವ ಮುದುಕ ಬಂದಿರಲಿಲ್ಲ.

"ಅವ ಯಾಕ ಬಂದಿಲ್ಲ ನೋಡಿ ಬಾ ಹೋಗು," ಎಂದಳು.

"ಪ್ರಾರ್ಥನಿ ಮುಗೀಲಿ, ಹೋಗ್ತೀನಿ."

ಪ್ರಾರ್ಥನೆ ಮುಗಿದ ಮೇಲೆ ಕಮಿಟಿ ಕೂತಿತು, ಕಮಿಟಿ ಆದ ಮೇಲೆ ಚಹಾ. ಆಯಿ, ಪಾದ್ರಿ, ನಾನು ಅವನ ಬಾಗಿಲು ದೂಡಿದಾಗ ಮಧ್ಯಾಹ್ನವಾಗಿತ್ತು. ಜ್ವರದಲ್ಲಿ ಬಿದ್ದವನು ಹಾಸಿಗೆಯಲ್ಲೇ ಹೋಗಿದ್ದ. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ತಲೆಯ ಹತ್ತಿರ ಒಂದು ಬಟ್ಟಲಲ್ಲಿ ಒಂದು ಹಿಡಿ ಹಿಟ್ಟು. ಶನಿವಾರದ್ದು. ಅವನು ಆಯಿಗಾಗಿ ತೆಗೆದಿಟ್ಟಿದ್ದು.

"ಯಾರೂ ನನಗೆ ತಿಳಿಸಲಿಲ್ಲವಲ್ಲ," ಎಂದ ಪಾದ್ರಿ. ಆ ಮಾತಿಗೆ ಇವತ್ತಿಗೂ ನಾನು ಅವನನ್ನು ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ.

ಆಯಿ ಅಳಲಿಲ್ಲ. ಹೆಗಲ ಮೇಲಿದ್ದ ಶಾಲು ತೆಗೆದು ಹೆಣದ ಮೇಲೆ ಹೊದಿಸಿದಳು. "ನಿಮ್ಮ ಮಾನ-ಇಜ್ಜತ್ ನಿಮಗ ಇರ್ಲಿರಿ ಅಯ್ನೋರ," ಎಂದು ಪಾದ್ರಿಗೆ ಹೇಳಿ ಹೊರಟಳು.

ಮುಂದಿನ ಶನಿವಾರ ನಾನೇ ಗೂಟದಿಂದ ಚೀಲ ತೆಗೆದು ಅವಳ ಮುಂದೆ ಹಿಡಿದೆ. ಅವಳು ಮುಟ್ಟಲಿಲ್ಲ.

"ನೀ ಹೊರು. ನನ್ನ ಹಿಂದ ಬಾ."

ಮಾಸ್ತರ ಚೀಲ ಹೊತ್ತು ಬರುವುದನ್ನು ಜನ ನೋಡಿದರು. ಪ್ರತಿ ಮನೆಯಲ್ಲೂ ಆಯಿ ಹಿಟ್ಟಿಗಿಂತ ಮೊದಲು ಒಳಗಿದ್ದವರ ಮುಖ ನೋಡುತ್ತಿದ್ದಳು. ಕೊನೆಗೆ ಚಪ್ಪಲಿ ಹೊಲಿಯುವವನ ಮನೆ. ಬಾಗಿಲಿಗೆ ಕೀಲಿ ಬಿದ್ದಿತ್ತು. ನಾನು ದಾಟಿ ಹೊರಟೆ.

"ಎಲ್ಲಿಗಿ ಹೊಂಟಿ? ನಿಂದ್ರು," ಎಂದಳು ಆಯಿ. "ಹೋದ ಶನಿವಾರ ಅವ ನಮ್ಮ ದಾರಿ ಎಷ್ಟೊತ್ತು ಕಾದಾನೋ, ಅಷ್ಟೊತ್ತು ನಿಂದ್ರು."