ದೊಡ್ಡವ್ವ ವಿಚಾರಿಸಿದ ಪ್ರೋಗ್ರಾಮು

ನನ್ನ ಮಾತು ಒಂದು ಅರಿವೆ ಅಂಗಡಿಯ ತುಂಬ ಕೇಳಿಸುತ್ತಿದೆ ಎಂದು ನನಗೆ ಗೊತ್ತಾದದ್ದು ಒಂದು ಮಂಗಳವಾರ ಮಧ್ಯಾಹ್ನ. ಅಂಗಡಿಯ ಕಾಕಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, "ಮೇಡಮ್, ಹುಡುಗನ ಮೀಸಿ ಕಸಬರಿಗಿ ಹಂಗ ಅದ ಅಂದದ್ದು ಖರೇ ಏನ್ರಿ?" ಎಂದು ಕೇಳಿದರು.

ತೊಂಬತ್ತರ ದಶಕದ ಕೊನೆ. ಆಳಂದದ ಬಜಾರಿನಲ್ಲಿ ಕೆಳಗೆ ಕಾಕಾ ಅವರ ಅಂಗಡಿ, ಮೇಲಿನ ಕೋಣೆಯಲ್ಲಿ ಅವರದೇ ಕಂಪ್ಯೂಟರ್ ಕ್ಲಾಸು. ಅಲ್ಲಿಗೆ ಇದ್ದೊಬ್ಬ ಟೀಚರು ನಾನು. ಅಪ್ಪ ಅವ್ವ ಹಿರೋಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದರು. ನಾನು ಅವ್ವನ ಅಕ್ಕ, ಅಂದರೆ ದೊಡ್ಡವ್ವನ ಮನೆಯಲ್ಲಿದ್ದೆ. ಕ್ಲಾಸಿನ ಮೂರು ಕಂಪ್ಯೂಟರುಗಳಲ್ಲಿ ಒಂದಕ್ಕೆ ಮಾತ್ರ ಬಾಯಿ ಇತ್ತು, ಅದಕ್ಕೆ ಸೌಂಡ್ ಕಾರ್ಡು ಹಾಕಿಸಿದ್ದೆವು. ಕಾಕಾ ಅವರ ಹತ್ತಿರ ಹಳೆಯ ವಚನದ ಕ್ಯಾಸೆಟ್ಟುಗಳ ಗಂಟೇ ಇತ್ತು. ಮೇಲೆ ಟೇಪ್ ಹಾಕಿದರೆ ಕೆಳಗೆ ಅಂಗಡಿಯ ಸ್ಪೀಕರಿನಲ್ಲಿ ಹಾಡು ಬರಬೇಕು, ಅದೇ ಹೊತ್ತಿಗೆ ಕಂಪ್ಯೂಟರಿನಲ್ಲೂ ತುಂಬಿಕೊಳ್ಳಬೇಕು ಎಂಬುದು ಅವರ ಹಟ.

ಆ ಹಟ ತೀರಿಸಲು ಬಂದವನು ಅಫಜಲಪುರದ ಒಬ್ಬ ಹುಡುಗ. ಮದುವೆ, ಸಭೆಗಳಿಗೆ ಮೈಕ್ ಕಟ್ಟುವ ಮನೆತನ, ಸೊಲ್ಲಾಪುರದಲ್ಲಿ ಕಂಪ್ಯೂಟರ್ ರಿಪೇರಿ ಕಲಿತಿದ್ದ. ಕಾರ್ಡು ಕೂಡಿಸಿ, ಮೇಲಿನಿಂದ ಕೆಳಗೆ ವೈರು ಎಳೆದು, ಸಣ್ಣದೊಂದು ಪ್ರೋಗ್ರಾಮು ಹಾಕಿ ಹೋದ. ಅದು ಕಂಪ್ಯೂಟರ್ ಚಾಲೂ ಆದ ಕೂಡಲೇ ತಾನೂ ಚಾಲೂ ಆಗಿ, ಪರದೆಯ ಮೂಲೆಯಲ್ಲಿ ಗಡಿಯಾರದ ಪಕ್ಕ ಕೂತು, ಒಂದು ಕಡೆಯ ಸದ್ದನ್ನು ಇನ್ನೊಂದು ಕಡೆಗೆ ಸಾಗಿಸುತ್ತಿತ್ತು. ಹುಡುಗ ಹೋಗಿ ಮೂರು ವಾರಕ್ಕೆ ಅವರ ಮನೆಯಿಂದ ಸುದ್ದಿ ಬಂತು: ನಿಮ್ಮ ಹುಡುಗಿಯನ್ನು ಕೇಳಾಕ ಬರ್ತೇವಿ.

ಆ ಮಂಗಳವಾರ ದೊಡ್ಡವ್ವ ನನಗೆ ಬುತ್ತಿ ತಂದಿದ್ದಳು. ರೊಟ್ಟಿ ಮುರಿಯುತ್ತ ಅವಳೆದುರು ಬಾಯಿ ಬಿಟ್ಟಿದ್ದೆ. ಮೀಸೆಯ ಮಾತು ಅಷ್ಟಕ್ಕೇ ನಿಂತಿದ್ದರೆ ಪುಣ್ಯ. "ಆದ್ರೂ ದೊಡ್ಡವ್ವಾ, ನಕ್ಕರ ಭಾಳ ಚಂದ ಕಾಣ್ತಾನ" ಎಂದೂ ಸೇರಿಸಿದ್ದೆ. ಅದನ್ನು ಕೆಳಗೆ ಸೀರೆ ಆರಿಸುತ್ತಿದ್ದ ಹನ್ನೊಂದು ಜನ ಹೆಂಗಸರು ಕೇಳಿದ್ದರು.

"ಮೂರ್ ದಿನದಿಂದ ಕೇಳಾಕತ್ತೇವ್ರಿ. ನೀವು ಬೇಕಂತ ಮಾಡೀರಿ ಅಂತ ತಿಳಿದಿದ್ದೆ. ಪಾಠ ಭಾಳ ಚಲೋ ಮಾಡ್ತೀರಿ. ನನಗೂ ರೈಟ್ ಕ್ಲಿಕ್ ಬಂತು" ಎಂದರು ಕಾಕಾ.

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೆ ನನ್ನದು ನಾಚಿಕೆಗಿಂತ ಸಿಟ್ಟು ಮುಂದಿರುವ ಸ್ವಭಾವ. ಕಾರ್ಡು ಬಂದ ದಿನದಿಂದ ಕಂಪ್ಯೂಟರಿನ ಮೇಲೇ ಇದ್ದ ಮೈಕು ನನ್ನ ಮಾತು ಹಿಡಿದಿದೆ, ಆತ ಹಾಕಿಹೋದ ಪ್ರೋಗ್ರಾಮು ಅದನ್ನು ಕೆಳಗೆ ಸಾಗಿಸಿದೆ. ಅಂದರೆ ನನ್ನನ್ನು ಕೇಳಲು ಬರುವ ಮೊದಲೇ, ನಾನು ಏನು ಮಾತಾಡುತ್ತೇನೆಂದು ಕದ್ದು ಕೇಳುವ ಯಂತ್ರವನ್ನೇ ಇಟ್ಟು ಹೋಗಿದ್ದಾನೆಯೇ? ಹಾಗಿದ್ದರೆ ಈ ಸಂಬಂಧ ಬೇಡವೇ ಬೇಡ. ಅವನು ನಕ್ಕರೆ ಎಷ್ಟು ಚಂದ ಕಂಡರೂ ಬೇಡ. ಅವರು ಬರುವುದು ಸೋಮವಾರ. ಅಷ್ಟರೊಳಗೆ ಈ ಪ್ರೋಗ್ರಾಮು ಸಾಧುವೋ ಕಳ್ಳನೋ ನನಗೆ ಗೊತ್ತಾಗಬೇಕಿತ್ತು.

"ಅದಕ್ಯಾಕ್ ಇಷ್ಟು ಪರೇಶಾನ ಆಗ್ತಿ ಬೇ? ಹುಡುಗನ್ನ ವಿಚಾರಸ್ದಂಗ ಅದನ್ನೂ ವಿಚಾರಸು" ಎಂದಳು ದೊಡ್ಡವ್ವ.

ಗಂಡು ವಿಚಾರಿಸುವುದರಲ್ಲಿ ದೊಡ್ಡವ್ವನ ಹೆಸರು ಜೇವರ್ಗಿಯವರೆಗೆ ಹಬ್ಬಿತ್ತು. ಬಳಗದಲ್ಲಿ ಯಾವ ಸಂಬಂಧ ಬಂದರೂ ಮೊದಲು ಅವಳು ಹೋಗಿಬರಬೇಕು. ಗಂಡಿನ ಮನೆಗೆ ಹೋಗುತ್ತಿರಲಿಲ್ಲ, ಅವರ ಓಣಿಯ ಹಿಟ್ಟಿನ ಗಿರಣಿಗೆ ಹೋಗಿ ಕೂಡುತ್ತಿದ್ದಳು. ಯಾವೂರಿಂದ ಬಂದ ಮನೆತನ, ಯಾರ ಪೈಕಿ, ಎಷ್ಟು ಉಣ್ಣುತ್ತಾನೆ, ಕೊನೆಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಹೋಗು ಅಂದರೆ ಎದ್ದು ಹೋಗುವ ಪೈಕಿಯೋ, ಜಗಳ ತೆಗೆಯುವ ಪೈಕಿಯೋ? ಗಿರಣಿಯವನಿಗೆ ಗೊತ್ತಿಲ್ಲದ್ದು ಊರಲ್ಲಿ ಏನೂ ಇರುವುದಿಲ್ಲ ಎಂಬುದು ಅವಳ ನಂಬಿಕೆ.

ಘತ್ತರಗಿಯ ಭಾಗ್ಯವಂತಿ ದೇವಿಗೆ ಕಾಯಿ ಒಡೆಸುವ ನೆಪ ಹೇಳಿ ಅವಳು ಮರುದಿನವೇ ಅಫಜಲಪುರದ ಬಸ್ಸು ಹತ್ತಿದಳು. ನಾನು ಕಂಪ್ಯೂಟರಿನ ಮುಂದೆ ಕೂತೆ.

ಮೊದಲು ಚಾಲೂ ಇದ್ದ ಪ್ರೋಗ್ರಾಮುಗಳ ಪಟ್ಟಿ ತೆಗೆದೆ. ಏಳೆಂಟು ಹೆಸರುಗಳ ನಡುವೆ ಇದೂ ಇತ್ತು. ಇದರ ಊರು ಹುಡುಕಿದೆ. ವಿಂಡೋಸಿನ ಒಳಮನೆಯಲ್ಲಿ ನುಸುಳಿ ಕೂತಿರಬಹುದು ಎಂದು ನನ್ನ ಸಂಶಯ. ಇಲ್ಲ, ಸೌಂಡ್ ಕಾರ್ಡಿನದೇ ಫೋಲ್ಡರಿನಲ್ಲಿ ಮರ್ಯಾದೆಯಿಂದ ಇತ್ತು. ಯಾರ ಪೈಕಿ? ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದರೆ ಒಂದು ಕಂಪನಿಯ ಹೆಸರು ಬಂತು. ಆ ಹೆಸರನ್ನು ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಕೆರೆದುಕೊಂಡೆ. ಕಾರ್ಡು ಬಂದಿದ್ದ ಡಬ್ಬಿಯಲ್ಲಿ ನಾನು ಸೀಮೆಸುಣ್ಣದ ಕಡ್ಡಿ ಇಡುತ್ತಿದ್ದೆ. ಕಡ್ಡಿಗಳನ್ನೆಲ್ಲ ಮೇಜಿಗೆ ಸುರುವಿ ಡಬ್ಬಿ ತಿರುವಿದರೆ ಅದೇ ಹೆಸರು! ಕ್ಲಾಸಿನ ಹುಡುಗರ ಮುಂದೆಯೇ ಒಂದು ಸುತ್ತು ಕುಣಿದುಬಿಟ್ಟೆ. ಪರೀಕ್ಷೆ ಇದೆ ಎಂದು ತಿಳಿದು ಅವರು ಗಾಬರಿಯಾದರು.

ಸಂಜೆ ದೊಡ್ಡವ್ವ ಮರಳಿ ಬಂದಳು. ಹುಡುಗನ ಊರು, ಬಳಗ, ಊಟ ಎಲ್ಲ ಪಾಸು. ನನ್ನ ಡಬ್ಬಿಯ ಸುದ್ದಿ ಹೇಳಿದರೆ ಅವಳು ಮೂಗು ಮುರಿದಳು.

"ಹೆಸರೇನ್ ಬೇ, ಕಳ್ಳನೂ ಸಾವ್ಕಾರನ ಹೆಸರ್ ಹೇಳ್ತಾನ. ಮುಖ ಕೂಡಿಸಿ ನೋಡಿದೇನು?"

ಮಾತು ಬರೋಬ್ಬರಿ ಇತ್ತು. ಮರುದಿನ ಕಾರ್ಡಿನ ಜೊತೆ ಬಂದ ಸಿಡಿ ಹಾಕಿ, ಅದರಲ್ಲಿದ್ದ ಪ್ರೋಗ್ರಾಮನ್ನೂ ನಮ್ಮಲ್ಲಿದ್ದುದನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅಳತೆಯಲ್ಲಿ, ತಾರೀಖಿನಲ್ಲಿ ಒಂದಿಷ್ಟೂ ಫರಕು ಇಲ್ಲ. ಗುಲಬರ್ಗಾದಿಂದ ತರಿಸಿಟ್ಟಿದ್ದ ವೈರಸ್ ಹುಡುಕುವ ಫ್ಲಾಪಿಯನ್ನೂ ಓಡಿಸಿದೆ. ಅದು ಕರ್ ಕರ್ ಎಂದು ಅರ್ಧ ತಾಸು ಮೂಸಿ ನೋಡಿ ಏನೂ ಸಿಗಲಿಲ್ಲ ಎಂದಿತು.

ಉಳಿದದ್ದು ದೊಡ್ಡವ್ವನ ದೊಡ್ಡ ಪ್ರಶ್ನೆ. ಪಟ್ಟಿಯಲ್ಲಿ ಅದರ ಹೆಸರು ಹಿಡಿದು, ಇನ್ನು ಹೋಗು ಎಂದು ಗುಂಡಿ ಒತ್ತಿದೆ. ಹಟ ಮಾಡಲಿಲ್ಲ, ತಿರುಗಿ ಬರಲಿಲ್ಲ. ಹೋಯಿತು. ಕೆಳಗೆ ಹಾಡು ಅರ್ಧಕ್ಕೇ ನಿಂತು, "ಏ ಮೇಡಮ್, ಬಸವಣ್ಣನ ವಚನದ ಬಾಯ್ ಯಾಕ್ ಮುಚ್ಚಿದ್ರಿ?" ಎಂದು ಕಾಕಾ ಒದರಿದರು.

ಪ್ರೋಗ್ರಾಮು ಸಾಧು. ಹಾಗಾದರೆ ಮೈಕಿನ ಬಾಗಿಲು ತೆಗೆದವರು ಯಾರು? ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿ, ಅದರ ಕಿಟಕಿ ಬಿಚ್ಚಿದೆ. ಟೇಪು, ಸಿಡಿ, ಮೈಕು ಎಂದು ಮೂರು ಚೌಕ. ಮೂರಕ್ಕೂ ಗುರುತು ಬಿದ್ದಿತ್ತು. ಆತ ಹಾಕಿದ್ದರೆ ತಿಂಗಳಿಂದ ನನ್ನ ಮಾತು ಕೆಳಗೆ ಕೇಳಬೇಕಿತ್ತು. ಕಾಕಾ ಹೇಳಿದ್ದು ಮೂರು ದಿನ. ಶನಿವಾರ ಏನಾಯಿತು? ಹಾಜರಿ ಪುಸ್ತಕ ತೆಗೆದೆ. ದಿನದ ಪಾಠವನ್ನು ಅದರಲ್ಲೇ ಬರೆಯುವ ರೂಢಿ ನನಗೆ. ಶನಿವಾರದ ಮುಂದೆ ನನ್ನದೇ ದುಂಡು ಅಕ್ಷರದಲ್ಲಿ ಇತ್ತು: ಮೈಕಿನ ಪಾಠ.

ಹೌದು. ಹುಡುಗರ ದನಿ ತುಂಬಲು ಮೈಕು ಮುಂದಿಟ್ಟಿದ್ದೆ. ದನಿ ಬರಲಿಲ್ಲವೆಂದು ಸಿಕ್ಕ ಚೌಕಕ್ಕೆಲ್ಲ ಗುರುತು ಹಾಕಿದ್ದೆ. ಆಗ ಇನ್ನೊಂದೂ ನೆನಪಾಯಿತು. ಹೋಗುವ ಮುನ್ನ ಆತ ಪರದೆಗೆ ಬೆರಳು ಮಾಡಿ, "ಮೂರನೇದು ಮುಟ್ಟಬ್ಯಾಡ್ರಿ ಮೇಡಮ್, ನಿಮ್ ಮಾತು ಕೆಳಗ ಕೇಳ್ತಾವ" ಎಂದು ಬಿಡಿಸಿ ಹೇಳಿದ್ದ. ನಾನು ಹೂಂ ಎಂದಿದ್ದೆ. ಆದರೆ ಆಗ ನಾನು ಪರದೆ ನೋಡುತ್ತಿರಲಿಲ್ಲ, ಮೀಸೆ ನೋಡುತ್ತಿದ್ದೆ.

ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಎಂಥ ಹಗುರ! ಮೂರನೆಯ ಚೌಕದ ಗುರುತು ಅಳಿಸಿದರೂ ನನ್ನ ನಗು ಕಾಕಾ ಅವರಿಗೆ ವೈರಿಲ್ಲದೆಯೇ ಕೇಳಿಸಿತಂತೆ.

ಸೋಮವಾರ ಗಂಡಿನವರು ಬಂದರು, ಹಿರೋಳ್ಳಿಯಿಂದ ಅಪ್ಪ ಅವ್ವನೂ ಬಂದಿದ್ದರು. ಮನೆಯಲ್ಲಿ ಚುರುಮುರಿ ಸುಸಲಾ, ಮಿರ್ಚಿ, ಚಾ. ನಾನು ಟ್ರೇ ಹಿಡಿದು ಹೊರಗೆ ಬಂದು ಹುಡುಗನ ಮುಖ ನೋಡಿದೆ. ಮೀಸೆ ಇರಲಿಲ್ಲ! ಮೂಗಿನ ಕೆಳಗೆ ಬೆಳ್ಳಗೆ ಒಂದು ಪಟ್ಟಿ, ಉಳಿದ ಮುಖವೆಲ್ಲ ಬಿಸಿಲ ಬಣ್ಣ. ಮೂಲೆಯಲ್ಲಿ ಕೂತಿದ್ದ ಕಾಕಾ ನನ್ನ ಕಡೆ ನೋಡದೆ ಮಾಳಿಗೆಯ ತೊಲೆ ಎಣಿಸುತ್ತಿದ್ದರು. ಸುದ್ದಿ ಸಾಗಿಸಿದವರು ಯಾರೆಂದು ಗೊತ್ತಾಯಿತು. ಆ ಪ್ರೋಗ್ರಾಮಿಗಾದರೂ ಬಂದ್ ಮಾಡುವ ಗುಂಡಿ ಇತ್ತು.

ಹಿರಿಯರು, "ಏನರ ಕೇಳೂದಿದ್ರ ಕೇಳವ್ವ" ಎಂದರು. ಹಾಗೆ ಅನ್ನುವುದು ರೂಢಿ, ಏನೂ ಕೇಳದಿರುವುದೂ ರೂಢಿ. ನಾನು ಕೇಳಿದೆ.

"ನಾನು ಬ್ಯಾಡ ಅಂದ್ರ ನೀವೇನ್ ಮಾಡ್ತೀರಿ?"

ಅಪ್ಪನ ಕೈಯಲ್ಲಿದ್ದ ಬಸಿಯಿಂದ ಚಾ ಚೆಲ್ಲಿತು. ಅಡುಗೆಮನೆಯ ಬಾಗಿಲಲ್ಲಿದ್ದ ದೊಡ್ಡವ್ವ ಮಾತ್ರ ಕಿವಿ ನಿಮಿರಿಸಿ ಕಾಯುತ್ತಿದ್ದಳು. ಅಫಜಲಪುರದ ಗಿರಣಿಯವನು ಉತ್ತರ ಹೇಳಲಾಗದ ಪ್ರಶ್ನೆ ಅದೊಂದೇ ಆಗಿತ್ತು.

ಆತ ಅವಸರ ಮಾಡಲಿಲ್ಲ. "ಈ ಚಾ ಕುಡದು ಹೋಗ್ತೇನ್ರಿ. ನಾಳಿಂದ ಮತ್ತ ಮೀಸಿ ಬಿಡ್ತೇನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಹೇಳಿದ್ದನ್ನು ಮಾಡುತ್ತಾನೋ ಇಲ್ಲವೋ ಎಂದು ನೋಡುತ್ತ ನಿಂತೆ. ಆತ ಖರೆಯೇ ಚಾ ಮುಗಿಸಿದ, ಕಪ್ ಬಸಿ ಕೆಳಗಿಟ್ಟ, ನಾನಿನ್ನೂ ಸುಮ್ಮನಿದ್ದದ್ದನ್ನು ನೋಡಿ ಎದ್ದು ನಿಂತು ಕೈ ಮುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಕಣ್ಣು ಬಾಗಿಲ ಹೊರಗಿನ ಚಪ್ಪಲಿ ಹುಡುಕುತ್ತಿತ್ತು.

"ಕೂಡ್ರಿ" ಎಂದೆ. ದನಿ ಮೈಕಿನಲ್ಲಿ ಬಂದಷ್ಟು ದೊಡ್ಡದಾಗಿ ಬಂತು. "ಇನ್ನೊಂದ್ ಕಪ್ ತರ್ತೇನಿ."