ನಾನು ಕೂಗದ ಆ ಒಂದು ಮಾತು

ಈರಣ್ಣ, ಅಂದು ನಾನು ಕೂಗಲಿಲ್ಲ. ಗದ್ದಲದಲ್ಲಿ ನನ್ನ ದನಿ ನಿನಗೆ ಕೇಳಿಸದೆ ಹೋದದ್ದಲ್ಲ — ನಾನು ದನಿಯನ್ನೇ ತೆಗೆಯಲಿಲ್ಲ. ಬೇಕೆಂದೇ.

ನಮ್ಮ ಹುಬ್ಬಳ್ಳಿ ತಂಡ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಮೊದಲ ಸಲ ಕಪ್ ಗೆದ್ದ ವರ್ಷ ಅದು. ಪಂಜಾಬು, ಕೇರಳ, ಚೆನ್ನೈ ಎಂದು ಎಲ್ಲೆಲ್ಲಿಂದಲೋ ಸಂಬಳ ಕೊಟ್ಟು ಕರೆಸಿದ ಆಟಗಾರರ ನಡುವೆ ಊರಿನವರೆಂದರೆ ನಾವಿಬ್ಬರೇ. ನಾಯಕ ನೀನು, ಪಕ್ಕದ ಹಳ್ಳಿ ಹೆಬ್ಬಳ್ಳಿಯಿಂದ ನೀನೇ ಬೈಕಿನ ಹಿಂದೆ ಕೂರಿಸಿಕೊಂಡು ತಂದವನು ನಾನು. ನೀನೇ ನನಗೆ ಚೆಂಡು ಹಿಡಿಯಲು ಕಲಿಸಿ, ಆಟ ಮುಗಿದ ಮೇಲೆ ಗಿರ್ಮಿಟ್ ತಿನ್ನಿಸಿ ಕಳಿಸುತ್ತಿದ್ದೆ. ಅಂಕಣದಲ್ಲಿ ಉಳಿದವರು ಇಂಗ್ಲಿಷಿನಲ್ಲಿ ಕೂಗಿದರೆ ನಾವಿಬ್ಬರು ನಮ್ಮ ಮಾತಿನಲ್ಲೇ ಕೂಗುತ್ತಿದ್ದೆವು. ಎದುರಾಳಿಯನ್ನು ಬೆನ್ನಟ್ಟಿ ಓಡುವವನಿಗೆ, ಪಕ್ಕದಲ್ಲಿ ಗೋಡೆಯಂತೆ ಬಂದು ನಿಲ್ಲುವ ಇನ್ನೊಬ್ಬ ಕಾಣುವುದಿಲ್ಲ, ಹಿಂದಿದ್ದವನು ಹೇಳಬೇಕು. ‘ಎಡಕ್ಕ!’ ಎಂದು ನಾನು ಕೂಗಿದರೆ ಸಾಕು, ನೀನು ತಿರುಗಿಯೂ ನೋಡದೆ ಮೈ ಸರಿಸುತ್ತಿದ್ದೆ. ಅಷ್ಟು ನಂಬಿಕೆ.

ಫೈನಲ್ಲಿನ ಹಿಂದಿನ ದಿನ ಹೋಟೆಲಿನ ಮೆಟ್ಟಿಲ ಬಳಿ ಮ್ಯಾನೇಜರ್ ನಿನ್ನೊಂದಿಗೆ ಮಾತಾಡುತ್ತಿದ್ದರು. ತಿರುವಿನಲ್ಲಿ ನಾನಿದ್ದೆ. ಮುಂದಿನ ವರ್ಷಕ್ಕೆ ಊರಿನವರು ಒಬ್ಬರು ಸಾಕು ಅಂದರು. ನೀನು ತಡಮಾಡಲಿಲ್ಲ.

‘ಹಂಗಾದ್ರ ನಾ ಇರತೇನ್ರಿ. ಅವಂಗಿನ್ನೂ ವಯಸ್ಸ ಐತಿ, ಎಲ್ಲ್ಯರ ಆಡ್ತಾನ.’

ಎಲ್ಲ್ಯರ! ಬೀದಿಯಲ್ಲಿ ಬಿಟ್ಟುಹೋದ ಹಾಗಾಯಿತು ನನಗೆ. ಸಂಜೆ ಊಟಕ್ಕೆ ಕೂತಾಗ ನನ್ನ ತಾಟಿಗೆ ನೀನೇ ಇನ್ನೊಂದು ರೊಟ್ಟಿ ಹಾಕಿದೆ, ಏನೋ ಹೇಳಿ ನಕ್ಕೆ, ಆ ಸಂಗತಿ ಮಾತ್ರ ಎತ್ತಲಿಲ್ಲ. ‘ಯಾಕಣ್ಣಾ?’ ಎಂದು ಕೇಳಬಹುದಿತ್ತು — ಕೇಳಲಿಲ್ಲ.

ಮರುದಿನ ಮೂರನೆಯ ಕ್ವಾರ್ಟರ್. ನೀನು ಎದುರಾಳಿ ತಂಡದ ಆಟಗಾರನ ಬೆನ್ನಟ್ಟಿದ್ದೆ. ಅವರಲ್ಲೇ ಎಲ್ಲರಿಗಿಂತ ದಪ್ಪನೆಯವನು ಬಂದು ನಿನ್ನ ಎಡಕ್ಕೆ ನಿಂತ. ನಾನು ನೋಡಿದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊತ್ತೂ ಇತ್ತು — ಬೇಕಾದಷ್ಟು ಇತ್ತು. ಬಾಯಿ ಮುಚ್ಚಿಕೊಂಡೆ. ನಿನ್ನ ಭುಜ ಅವನಿಗೆ ಬಡಿದ ಸದ್ದು...

ಬಿದ್ದರೆ ಬೀಳಲಿ ಅಂದುಕೊಂಡಿದ್ದೆ. ಮುರಿಯಲಿ ಅಂದುಕೊಂಡಿರಲಿಲ್ಲ — ಇಲ್ಲ, ಈ ಮಾತು ಬೇಡ. ಇದು ಸಮಜಾಯಿಷಿಯಾಗುತ್ತದೆ.

ಕಪ್ ಗೆದ್ದೆವು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹಾರ, ಹಲಗೆ ಬಾರಿಸುವ ಸದ್ದು. ನಿನ್ನ ಒಂದು ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು. ಇನ್ನೊಂದರಲ್ಲಿ ಕಪ್ ಹಿಡಿದು, ಅದರ ಮತ್ತೊಂದು ಹಿಡಿಯನ್ನು ನನ್ನ ಕೈಗೆ ಕೊಟ್ಟು, ನೀನು ನನ್ನ ಕಿವಿಯ ಹತ್ತಿರ ಬಾಗಿದೆ.

‘ಗದ್ದಲದಾಗ ನಿನ್ನ ದನಿ ಕೇಳಸಲಿಲ್ಲೋ ತಮ್ಮಾ. ತಪ್ಪು ನಂದ.’

‘ಇರಲಿ ಬಿಡಣ್ಣಾ’ ಅಂದೆ.

ಉಂಡ ಮನೆಗೆ ಎರಡು ಬಗೆದವನು ನಾನು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನೂ ನಾನೇ.

ಮುಂದಿನ ವರ್ಷ ಊರಿನವನೆಂದು ತಂಡದಲ್ಲಿ ಉಳಿದದ್ದು ನಾನು. ನಿನ್ನ ಎಡಗೈ ಮತ್ತೆ ತಲೆಯಿಂದ ಮೇಲಕ್ಕೆ ಏಳಲೇ ಇಲ್ಲ. ನೀನು ಮೆಟ್ಟಿಲ ಬಳಿ ಆಡಿದ್ದು ಮೋಸದ ಮಾತು ಎಂದೇ ಇವತ್ತಿಗೂ ನನಗೆ ಅನ್ನಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ಒಂದು ಮಾತಿಗೆ ಒಂದು ಭುಜವೇ?

ಹೋದ ಭಾನುವಾರ ನೀನು ಮಕ್ಕಳಿಗೆ ಆಟ ಕಲಿಸುವಲ್ಲಿಗೆ ನಾನು ಬಂದಿದ್ದೆ. ನನ್ನನ್ನು ತೋರಿಸಿ ನೀನು ಅವರಿಗೆ ಹೇಳಿದೆ: ‘ಇಂವ ಕೂಗಿದ್ದ. ನಾ ಲಕ್ಷ್ಯ ಕೊಡಲಿಲ್ಲ, ಭುಜಾ ಹೋತು. ಹಿಂದಿದ್ದವರ ಮಾತು ಕೇಳ್ರಿ.’ ಮಕ್ಕಳು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು — ನಗುತ್ತಾ ನಿಂತಿದ್ದೆ.

ಈ ಭಾನುವಾರವೂ ಬರುತ್ತೇನೆ. ಅದೇ ಮಕ್ಕಳ ಮುಂದೆ ಇದಿಷ್ಟನ್ನೂ ಹೇಳುತ್ತೇನೆ. ಬೈಯಿ, ಹೊಡಿ, ಹೊರಗೆ ಅಟ್ಟು. ಕೈ ಮುಗಿಯುತ್ತೇನೆ ಅಣ್ಣಾ, ‘ಇರಲಿ ಬಿಡು’ ಎಂದು ಮಾತ್ರ ಅನ್ನಬೇಡ.