ಇಂಗ್ಲಿಷ್ ಅಕ್ಕೋರ ಪರವಾನಗಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಿಜಾಪುರ ಜಿಲ್ಲೆಯ ಇಂಡಿ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ಓಣಿಯಿಂದ ನೌಕರಿಗೆ ಹೋದ ಮೊದಲ ಹೆಣ್ಣುಮಗಳು ನಾನೇ. ಅಬ್ಬಾ ಲಿಂಬೆಹಣ್ಣಿನ ವ್ಯಾಪಾರಿ. ಮನೆಯ ಮುಂದಿನ ಖೋಲಿಯಲ್ಲಿ ಹಣ್ಣಿನ ಬುಟ್ಟಿಗಳನ್ನು ಇಡುತ್ತಿದ್ದರು, ಹಾಗಾಗಿ ನಮ್ಮ ಮನೆಗೆ ಬಂದವರೆಲ್ಲ ಲಿಂಬೆಯ ವಾಸನೆ ಹೊತ್ತುಕೊಂಡೇ ಹೋಗುತ್ತಿದ್ದರು.

ಒಂದು ಜೂನ್ ತಿಂಗಳು ಹೆಡ್‌ಮಾಸ್ತರರು ಆ ಖೋಲಿಯನ್ನೇ ಕೇಳಿಕೊಂಡು ಬಂದರು. ಅವರು ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಆಡುವ ವೈಷ್ಣವರು. ಅಬ್ಬಾನ ಹಳೆಯ ಸ್ನೇಹಿತರು.

"ಅಮೆರಿಕಾದಿಂದ ಒಬ್ಬ ಹೆಣ್ಮಗಳು ನಮ್ಮ ಸಾಲಿಗೆ ಇಂಗ್ಲಿಷ್ ಕಲಸ್ಲಿಕ್ಕೆ ಬರ್ಲಿಕ್ಕತ್ತಾಳ. ಎರಡ ವರ್ಷ ಇರ್ತಾಳ. ಒಬ್ಬಾಕಿನ್ನ ಎಲ್ಲಿ ಇಡ್ಲಿ ಹೇಳ್ರಿ? ನಿಮ್ಮ ಮನ್ಯಾಗ ಹೆಣ್ಮಕ್ಕಳಿದ್ದಾರ, ಜಾಗಾನೂ ಅದ."

ಅಬ್ಬಾ ಯೋಚಿಸುವ ಮೊದಲೇ ಒಳಗಿನಿಂದ ಅಮ್ಮಿ ಕೇಳಿದಳು: "ಆಕಿ ಖಾರ ತಿಂತಾಳೇನ್ರಿ?"

"ತಿನ್ನಲಿಲ್ಲಂದ್ರ ಕಲೀತಾಳ್ರಿ."

ಹೀಗೆ ಲಿಂಬೆಯ ಬುಟ್ಟಿಗಳು ಅಟ್ಟಕ್ಕೆ ಹೋದವು, ಇಂಗ್ಲಿಷ್ ಅಕ್ಕೋರು ನಮ್ಮ ಮನೆಗೆ ಬಂದರು. ನಮ್ಮಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಊರಿಗೆ ಊರೇ ಅವರನ್ನು ಹಾಗೆ ಕರೆಯಿತು.

ಅವರಿಗೆ ಇಪ್ಪತ್ತನಾಲ್ಕು ವರ್ಷ, ನನಗಿಂತ ಒಂದು ವರ್ಷ ಚಿಕ್ಕವರು. ಎತ್ತರದ ಆಳು, ನಮ್ಮ ಬಾಗಿಲಿಗೆ ಮೊದಲ ವಾರದಲ್ಲೇ ನಾಲ್ಕು ಸಲ ಹಣೆ ಬಡಿದುಕೊಂಡರು. ಇಲ್ಲಿಗೆ ಬರುವ ಮುಂಚೆ ಎಲ್ಲೋ ಎರಡು ತಿಂಗಳು ಕನ್ನಡ ಕಲಿತಿದ್ದರು. ಆದರೆ ಅದು ಪುಸ್ತಕದ ಕನ್ನಡ. ಮೊದಲ ದಿನ ಅಮ್ಮಿಯ ಮುಂದೆ ನಿಂತು "ತಾಯಿಯವರೇ, ನಾನು ನೀರನ್ನು ಕುಡಿಯಲು ಬಯಸುತ್ತೇನೆ" ಎಂದರು. ಅಮ್ಮಿ ಗಾಬರಿಯಾಗಿ ನನ್ನ ಕಡೆ ನೋಡಿದಳು. ಆರು ತಿಂಗಳಾಗುವಷ್ಟರಲ್ಲಿ "ಅಮ್ಮಿ, ನೀರಡಿಕಿ ಆಗೈತಿ, ಒಂದ್ ತಂಬಗಿ ನೀರ ಕೊಡ್ರಿ" ಎಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದರು.

ಕಲಿಸುವುದರಲ್ಲಿ ಮಾತ್ರ ಅವರನ್ನು ಮೀರಿಸಲು ಆಗುತ್ತಿರಲಿಲ್ಲ. ನಮ್ಮ ಮಕ್ಕಳು ಅಲ್ಲಿಯವರೆಗೆ ಇಂಗ್ಲಿಷನ್ನು ಬಾಯಿಪಾಠ ಮಾಡುತ್ತಿದ್ದರೇ ಹೊರತು ಬಾಯಿ ಬಿಟ್ಟು ಮಾತಾಡಿರಲಿಲ್ಲ. ಅಕ್ಕೋರು ಅಬ್ಬಾನ ಹಣ್ಣುಗಳನ್ನೇ ವರ್ಗಕ್ಕೆ ಒಯ್ದು ಸಂತೆ ಹಚ್ಚಿಸಿದರು. ಅರ್ಧ ಮಕ್ಕಳು ಮಾರುವವರು, ಅರ್ಧ ಮಕ್ಕಳು ಕೊಳ್ಳುವವರು, ಚೌಕಾಶಿ ಪೂರ್ತಿ ಇಂಗ್ಲಿಷಿನಲ್ಲಿ. ಪಕ್ಕದ ಖೋಲಿಯಲ್ಲಿ ನಾನು ಹಳಗನ್ನಡದ ಪದ್ಯ ಹೇಳುತ್ತಿದ್ದರೆ ಆ ಗದ್ದಲದಲ್ಲಿ ನನ್ನ ಮಕ್ಕಳ ಕಿವಿಯೆಲ್ಲ ಗೋಡೆಯ ಆಚೆಗೆ. ಬೇಸಿಗೆಯ ರಜೆಯಲ್ಲಿ ಸುತ್ತಲಿನ ತಾಲೂಕುಗಳಿಂದಲೂ ಕರೆ ಬಂತು. ಸಿಂದಗಿಯಲ್ಲಿ ಒಂದು ವಾರ, ಮುದ್ದೇಬಿಹಾಳದಲ್ಲಿ ಒಂದು ವಾರ, ಬಸವನ ಬಾಗೇವಾಡಿಯಲ್ಲಿ ನಾಲ್ಕು ದಿನ ಮಾಸ್ತರರಿಗೆಲ್ಲ ಪಾಠ ಹೇಳಿಕೊಟ್ಟರು. ಜೊತೆಗೆ ನಾನೂ ಹೋಗಿದ್ದೆ. ಮೀಸೆಯ ಮಾಸ್ತರರು ಮಕ್ಕಳಂತೆ ಎದ್ದು ನಿಂತು "ಹೌ ಮಚ್ ಈಸ್ ದಿಸ್ ಬ್ರಿಂಜಾಲ್" ಎಂದು ಕೇಳುವುದನ್ನು ನೋಡಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಿದ್ದೆ.

ಎಲ್ಲ ಸರಿಯಿತ್ತು. ತಪ್ಪಾದದ್ದು ಒಂದು ತಾರೀಖಿನಲ್ಲಿ.

ಪರದೇಶದವರು ಇಲ್ಲಿ ಇರಲು ಸರಕಾರದ ಪರವಾನಗಿ ಬೇಕು. ಅವರ ಪರವಾನಗಿಗೂ ಒಂದು ಅವಧಿ ಇತ್ತು, ಮುಗಿಯುವ ಮುಂಚೆ ಬಿಜಾಪುರದ ಪೊಲೀಸ್ ಕಚೇರಿಯಲ್ಲಿ ಮುಂದುವರಿಸಿಕೊಳ್ಳಬೇಕು. ಚಳಿಗಾಲದಲ್ಲಿ ಒಮ್ಮೆ ಅವರು ಆ ಕಾಗದ ತೆಗೆದು ನನಗೂ ತೋರಿಸಿದ್ದರು. ಅದರಲ್ಲಿ ಮೊದಲು ಹತ್ತು, ಆಮೇಲೆ ನಾಲ್ಕು ಎಂದು ಅಂಕಿಗಳಿದ್ದವು. "ಅಕ್ಟೋಬರ್ ನಾಲ್ಕು. ಇನ್ನೂ ಭಾಳ ದಿನ ಅದಾವು" ಎಂದರು. ನಾನೂ ಹೂಂ ಎಂದೆ. ಕಾಗದ ಇಂಗ್ಲಿಷಿನದು, ಓದಿದವರು ಇಂಗ್ಲಿಷ್ ಅಕ್ಕೋರು, ನಾನು ಯಾಕೆ ಅನುಮಾನ ಪಡಲಿ?

ಮರುವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ಹೆಡ್‌ಮಾಸ್ತರರು ಯಾವುದೋ ತಖ್ತೆ ತುಂಬಲು ಆ ಕಾಗದ ಕೇಳಿದರು. ಕನ್ನಡಕ ಹಾಕಿ ಓದಿದರು. ತೆಗೆದು ಒರೆಸಿ ಮತ್ತೆ ಓದಿದರು.

"ಇದು ಮುಗದು ಎರಡು ತಿಂಗಳಾತಲ್ರೀ! ಏಪ್ರಿಲ್ ಹತ್ತಕ್ಕೇ ಮುಗದದ!"

"ಇಲ್ರಿ, ಅಕ್ಟೋಬರ್ ನಾಲ್ಕು" ಎಂದರು ಅಕ್ಕೋರು. ಅನ್ನುತ್ತಿದ್ದಂತೆಯೇ ಅವರಿಗೆ ಹೊಳೆಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ನಮ್ಮ ದೇಶದಾಗ ತಿಂಗಳ ಮೊದಲ ಬರೀತಾರ್ರಿ, ದಿನ ಆಮ್ಯಾಲ."

"ತಿಂಗಳು ಮೊದಲು? ದಿನಾ ಹುಟ್ಟೂಕಿಂತ ಮೊದಲ ತಿಂಗಳು ಹೆಂಗ ಹುಟ್ತದ?" ಎಂದು ಹೆಡ್‌ಮಾಸ್ತರರು ಅಷ್ಟು ಚಿಂತೆಯಲ್ಲೂ ಕೇಳಿದರು.

ಆಮೇಲೆ ಬಾಗಿಲು ಮುಚ್ಚಿ, ಮೆಲ್ಲಗೆ ಆಗಬಹುದಾದದ್ದನ್ನು ಹೇಳಿದರು. ಅವಧಿ ಮೀರಿ ಉಳಿದವರನ್ನು ದೇಶ ಬಿಟ್ಟು ಹೋಗಿ ಎನ್ನಬಹುದು, ಮತ್ತೆ ಬರದಂತೆ ಮಾಡಬಹುದು. ಕೆಲಸ ಕೊಟ್ಟ ಶಾಲೆಯನ್ನೂ, ಮನೆ ಕೊಟ್ಟವರನ್ನೂ ಕೇಳಬಹುದು. ಅಲ್ಲೇ ಇದ್ದ ಗಣಿತದ ಮಾಸ್ತರರು, "ಅಕ್ಟೋಬರ್ ತನಕ ಸುಮ್ನಿರ್ರಿ, ಯಾರು ನೋಡ್ತಾರ?" ಎಂದು ಸಲಹೆ ಕೊಟ್ಟರು.

ಅಕ್ಕೋರು ತಲೆ ಅಲ್ಲಾಡಿಸಿದರು. "ಮಕ್ಕಳ ಪಾಟಿ ಮ್ಯಾಲ ತಪ್ಪಿದ್ರ ತಿದ್ತೇನಿ. ನನ್ನ ತಪ್ಪ ನಾನೇ ಹೇಳ್ತೇನಿ."

ಆ ಸಂಜೆ ಅಬ್ಬಾನಿಗೆ ವಿಷಯ ಹೇಳುವಾಗ ನನಗೆ ಅಳುಕಿತ್ತು. ಅವರು ಲಿಂಬೆಹಣ್ಣು ಆರಿಸುತ್ತಲೇ, "ನಮ್ಮ ಮನ್ಯಾಗ ಅದಾರ. ಯಾರರ ಕೇಳಿದ್ರ ಅದಾರ ಅಂತ ಹೇಳ್ತೇನಿ. ಅದರಾಗೇನೈತಿ?" ಎಂದರು. ಅಮ್ಮಿ ಮಾತ್ರ ಅಂದು ಅಕ್ಕೋರಿಗೆ ಎರಡು ರೊಟ್ಟಿ ಹೆಚ್ಚು ಹಾಕಿದಳು.

ಮರುದಿನ ಬೆಳಗಿನ ಬಸ್ಸಿಗೆ ಹೆಡ್‌ಮಾಸ್ತರರು, ಅಕ್ಕೋರು, ನಾನು ಮೂವರೂ ಬಿಜಾಪುರಕ್ಕೆ ಹೋದೆವು. ಕಚೇರಿಯಲ್ಲಿ ಪರದೇಶದವರ ಕಾಗದ ನೋಡುವ ವಯಸ್ಸಾದ ಕ್ಲಾರ್ಕ್ ಒಬ್ಬರಿದ್ದರು. ವರ್ಷಕ್ಕೆ ಇಬ್ಬರೋ ಮೂವರೋ ಪರದೇಶದವರು ಬರುತ್ತಿದ್ದರೇನೋ, ನಮ್ಮನ್ನು ಕಂಡು ಅವರಿಗೆ ಖುಷಿಯೇ ಆಯಿತು. ಅಕ್ಕೋರು ಬಸ್ಸಿನಲ್ಲಿ ಬರೆದಿದ್ದ ಪತ್ರ ಕೊಟ್ಟರು. ನಾಲ್ಕೇ ಸಾಲು: ತಾರೀಖು ತಪ್ಪಾಗಿ ಓದಿದೆ, ತಪ್ಪು ನನ್ನದೇ, ಕ್ಷಮಿಸಿ, ಇರಲು ಬಿಡಿ.

ಕ್ಲಾರ್ಕ್ ಅದನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು.

"ಅಕ್ಕೋರ, ಇದು ಅರ್ಜಿ ಅಲ್ರಿ, ಚೀಟಿ. ಇದರಾಗ ಇಂಗ್ಲಿಷ್ ಎಲ್ಲೈತಿ?"

ಅಮೆರಿಕದ ಇಂಗ್ಲಿಷ್ ಶಿಕ್ಷಕಿ ಬಗ್ಗಿ ತಮ್ಮ ಪತ್ರವನ್ನೇ ಮತ್ತೊಮ್ಮೆ ಓದಿದರು. ಕ್ಲಾರ್ಕ್ ಹೊಸ ಹಾಳೆ ಕೊಟ್ಟು, ಕಣ್ಣು ಮುಚ್ಚಿ ಹೇಳತೊಡಗಿದರು: "ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್, ಐ ಬೆಗ್ ಟು ಸ್ಟೇಟ್..."

"ಬೆಗ್ ಯಾಕ್ರಿ? ನಾ ಭಿಕ್ಷಾ ಬೇಡಾಕತ್ತಿಲ್ಲಲ್ರಿ."

"ಬೆಗ್ ಇಲ್ಲದ ಅರ್ಜಿ ಸಾಹೇಬ್ರು ಓದೂದಿಲ್ರಿ. ಬರ್ಕೊಳ್ರಿ."

ಬರೆದುಕೊಂಡರು. ನಾಲ್ಕು ಸಾಲಿನ ವಿಷಯ ಎರಡು ಪುಟವಾಯಿತು. ನಡುನಡುವೆ ಅಕ್ಕೋರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಹೆಡ್‌ಮಾಸ್ತರರು ಹೌಹಾರಿದರು. ನಾನು ಬಗ್ಗಿ ನೋಡಿದರೆ, ನಗು ತಡೆದುಕೊಳ್ಳುತ್ತಿದ್ದರು.

"ಇಂಡಿ ಬಿಟ್ಟು ಎಲ್ಲೆರ ಹೋಗಿದ್ರೇನು?" ಎಂದು ಕ್ಲಾರ್ಕ್ ಕೇಳಿದಾಗ ಮಾತ್ರ ಎಲ್ಲರೂ ಗಂಭೀರರಾದೆವು. ಹೆಡ್‌ಮಾಸ್ತರರು ಊರೂರು ಸುತ್ತಿದ್ದು ಇನ್ನೊಂದು ತಪ್ಪಾದೀತೆಂದು ಮೇಜಿನ ಕೆಳಗೆ ಅಕ್ಕೋರ ಕಾಲು ತುಳಿಯಲು ಹೋಗಿ ನನ್ನ ಕಾಲು ತುಳಿದರು. ಅಕ್ಕೋರು ಬೆರಳು ಮಡಚಿ ಎಣಿಸಿಬಿಟ್ಟರು: "ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಶಾಸನ ನೋಡಾಕ ಸಾಲೋಟಗಿಗೂ ಹೋಗಿದ್ದೆ."

"ಎಲ್ಲಾ ನಮ್ಮ ಜಿಲ್ಲಾದಾಗ ಐತಿ, ನಡೀತೈತಿ. ರಾಜ್ಯದ ಗಡಿ ದಾಟಿ ಸೊಲ್ಲಾಪುರಕ್ಕ ಹೋಗಿಲ್ಲ, ಹೌದಲ್ರಿ?"

ಹೋಗಿರಲಿಲ್ಲ. ಸಿನಿಮಾ ನೋಡಲು ಹೊರಟಿದ್ದೆವು, ನನಗೆ ಜ್ವರ ಬಂದದ್ದರಿಂದ ಪ್ರಯಾಣ ನಿಂತಿತ್ತು. ಆ ಜ್ವರಕ್ಕೆ ನಾನು ಅಂದು ಮೊದಲ ಸಲ ಶುಕ್ರಿಯಾ ಹೇಳಿದೆ.

ಇಂಡಿ ಠಾಣೆಯಿಂದ ವಿಚಾರಣೆ ಮಾಡಿಸಿ ವರದಿ ತರಿಸುತ್ತೇವೆ, ಅಕ್ಕೋರು ಹೇಳಿದ ಮನೆಯಲ್ಲೇ ವಾಸವಾಗಿದ್ದರು ಎಂದು ಓಣಿಯವರು ಹೇಳಿದರೆ ಸಾಹೇಬರು ಮುಂದಿನದನ್ನು ತೀರ್ಮಾನಿಸುತ್ತಾರೆ, ಅಲ್ಲಿಯವರೆಗೆ ವರ್ಗ ತೆಗೆದುಕೊಳ್ಳುವಂತಿಲ್ಲ ಎಂದು ಕ್ಲಾರ್ಕ್ ಹೇಳಿ ಕಳಿಸಿದರು.

ನಾಲ್ಕನೆಯ ದಿನ ಇಂಡಿ ಠಾಣೆಯ ಜಮಾದಾರರು ಬಂದರು. ದಿನಾ ಬೆಳಿಗ್ಗೆ ಶಾಲೆಯ ದಾರಿಯಲ್ಲಿ "ಗುಡ್ ಮಾರ್ನಿಂಗ್ ಅಕ್ಕೋರ" ಎನ್ನುತ್ತಿದ್ದ ಮನುಷ್ಯ. ನಾವೆಲ್ಲ ಶಾಲೆಯಲ್ಲಿದ್ದೆವು, ಅಕ್ಕೋರೂ ಗ್ರಂಥಾಲಯ ಜೋಡಿಸಲು ಬಂದಿದ್ದರು. ಸಂಜೆ ಬಂದು ನೋಡಿದರೆ ಜಮಾದಾರರು ನಮ್ಮ ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ.

"ಎಂಥಾ ಓಣಿರಿ ನಿಮ್ದು! ಐದು ಮನಿ ಕೇಳಿದೆ. ಬಿಳಿ ಹೆಣ್ಮಗಳು ಯಾರೂ ಇಲ್ಲೇ ಇಲ್ಲ ಅಂತಾರ! ಎದುರು ಮನಿ ಆಯಿ ಅಂತೂ, ಬಿಳೇದು ಅಂದ್ರ ನಮ್ಮ ಓಣ್ಯಾಗ ನಮ್ಮ ಆಕಳ ಒಂದೇ ಅಂದ್ಳು. ಈಗ ನಾ ಏನ್ ಬರೀಲಿ?"

ವಿಷಯ ಇಷ್ಟೇ. ಪೊಲೀಸರು ಅಕ್ಕೋರನ್ನು ಹಿಡಿದೊಯ್ಯಲು ಬಂದಿದ್ದಾರೆಂದು ಓಣಿಯವರು ತಿಳಿದಿದ್ದರು. ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಎಲ್ಲರೂ ಒಂದೇ ಸುಳ್ಳು ಹೇಳಿದ್ದರು.

ಅಕ್ಕೋರಿಗೆ ನಾನು ಅರ್ಥ ಮಾಡಿಸಿದೆ. ಅವರು ಕಟ್ಟೆಯ ಮೇಲೆ ಜಮಾದಾರರ ಪಕ್ಕದಲ್ಲೇ ಕೂತರು. ಎರಡು ತಿಂಗಳು ಅವಧಿ ಮೀರಿದ್ದು ತಿಳಿದಾಗ ಅಳದವರು, ಕಚೇರಿಯಲ್ಲಿ ನಗು ತಡೆದವರು, ಆಗ ಕಣ್ಣೊರೆಸಿಕೊಂಡರು. ಜಮಾದಾರರು ಮುಜುಗರದಿಂದ ಟೊಪ್ಪಿಗೆ ಸರಿಮಾಡಿಕೊಂಡು, "ನಾಳಿ ಮತ್ತ ಬರ್ತೇನಿ. ಖರೇ ಹೇಳಾಕ ಹೇಳ್ರಿ ಮಾರಾಯ್ರ" ಎಂದು ಎದ್ದರು.

ಅಬ್ಬಾ, ನಾನು, ಅಕ್ಕೋರು ಮೂವರೂ ಮನೆಮನೆಗೆ ಹೋದೆವು. "ಅಕ್ಕೋರು ಉಳೀಬೇಕಂದ್ರ ಅದಾರ ಅಂತ ಹೇಳ್ಬೇಕು" ಎಂದು ಬಿಡಿಸಿ ಹೇಳಿದೆವು. ಎದುರು ಮನೆಯ ಮುದುಕಿ ಆಯಿಗೆ ಮೂರು ಸಲ ಹೇಳಬೇಕಾಯಿತು. ಪೊಲೀಸರ ಮುಂದೆ ನಿಜ ಹೇಳಿ ಯಾರಿಗಾದರೂ ಒಳ್ಳೆಯದಾಗಿದ್ದನ್ನು ಆಕೆ ಎಂದೂ ಕಂಡಿರಲಿಲ್ಲವಂತೆ.

ಮರುದಿನ ಇನ್ನೊಂದು ಫಜೀತಿ. ಕೇಳಿದ ಐದು ಮನೆಯ ಬದಲು ಹದಿನೈದು ಮನೆಯವರು ಬಂದು ನಿಂತರು. ಅಕ್ಕೋರು ಒಂದು ದಿನವೂ ಊರು ಬಿಟ್ಟಿಲ್ಲ ಎಂದು ಒಬ್ಬರು. ಹತ್ತು ವರ್ಷದಿಂದ ಇಲ್ಲೇ ಇದ್ದಾರೆ ಎಂದು ಇನ್ನೊಬ್ಬರು. ಆಯಿ ಎಲ್ಲರನ್ನೂ ಸರಿಸಿ ಮುಂದೆ ಬಂದು, "ಈಕಿ ನಮ್ಮಾಕಿನ. ಇಲ್ಲೇ ಹುಟ್ಟ್ಯಾಳ ಅಂತ ಬರ್ಕೋ" ಎಂದಳು.

"ಆಯಿ, ಹಂಗ ಬರದ್ರ ನನ್ನ ನೌಕರಿ ಹೋಗ್ತೈತಿ!" ಎಂದು ಜಮಾದಾರರು ಕೈಮುಗಿದರು. ಕೊನೆಗೆ ಅಬ್ಬಾ ಎಲ್ಲರನ್ನೂ ಕೂಡಿಸಿ, ಲಿಂಬೆ ಶರಬತ್ತು ಕುಡಿಸಿ, ಒಬ್ಬೊಬ್ಬರಿಂದ ನಡೆದಷ್ಟನ್ನೇ ಹೇಳಿಸಿದರು. ಜಮಾದಾರರು ಬರೆದುಕೊಂಡರು, ಹೆಬ್ಬೆರಳು ಒತ್ತಿಸಿಕೊಂಡರು.

ಅಪ್ಪಣೆ ಬರಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ಇಂಗ್ಲಿಷ್ ವರ್ಗ ನನ್ನ ತಲೆಗೆ ಬಂತು. ನನಗೋ ಇಂಗ್ಲಿಷ್ ಓದಲು ಬರುತ್ತಿತ್ತು, ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ. ಅಕ್ಕೋರು ದಿನಾ ಸಂಜೆ ನನ್ನನ್ನು ಖೋಲಿಯಲ್ಲಿ ನಿಲ್ಲಿಸಿ ಮರುದಿನದ ಪಾಠ ಮಾಡಿಸುತ್ತಿದ್ದರು. ತಾವೇ ವಿದ್ಯಾರ್ಥಿಯಾಗಿ ಕೆಳಗೆ ಕೂತು, ಬೇಕೆಂದೇ ತಪ್ಪು ಮಾಡಿ, ನಾನು ತಿದ್ದುತ್ತೇನೋ ಇಲ್ಲವೋ ನೋಡುತ್ತಿದ್ದರು. ತಿದ್ದದಿದ್ದರೆ ಅಮ್ಮಿಗೆ ಚಾಡಿ ಹೇಳುತ್ತಿದ್ದರು. ಮೊದಲ ವಾರ ವರ್ಗದಲ್ಲಿ ನಾನು ಮಕ್ಕಳಿಗೆ ಬೆನ್ನು ಮಾಡಿ ಹಲಗೆಗೇ ಪಾಠ ಹೇಳಿದೆ. ಮೂರನೆಯ ವಾರಕ್ಕೆ ನಾನೂ ಮಕ್ಕಳೂ ಸೇರಿ ಬಿಜಾಪುರದ ಬಸ್ ಸ್ಟ್ಯಾಂಡನ್ನೇ ವರ್ಗದಲ್ಲಿ ಆಡಿದೆವು. ಕಂಡಕ್ಟರ್ ಆದ ಹುಡುಗಿ "ನೋ ಸ್ಟ್ಯಾಂಡಿಂಗ್, ಗೆಟ್ ಡೌನ್!" ಎಂದು ಹೆಡ್‌ಮಾಸ್ತರರಿಗೇ ಗದರಿದಳು. ಅವರು ಇಳಿದಂತೆ ಮಾಡಿ ಹೊರಗೆ ಹೋದರು.

ಅಪ್ಪಣೆ ಅಂಚೆಯಲ್ಲಿ ಬಂತು. ಒಂದು ಎಚ್ಚರಿಕೆ, ಇನ್ನೊಂದು ವರ್ಷದ ಅವಧಿ. ಹೆಡ್‌ಮಾಸ್ತರರು ಈ ಸಲ ತಾರೀಖನ್ನು ಕನ್ನಡ ಅಕ್ಷರಗಳಲ್ಲಿ ಬಿಡಿಸಿ ಬರೆದು ಕಚೇರಿಯ ಗೋಡೆಗೆ ಅಂಟಿಸಿದರು.

ಮರುದಿನ ನಾನು ನಿರಾಳವಾಗಿ ನನ್ನ ಕನ್ನಡ ಪುಸ್ತಕ ಹಿಡಿದು ಹೊರಟೆ. ಅಕ್ಕೋರು ಅರ್ಧ ದಾರಿಯಲ್ಲಿ ನಿಲ್ಲಿಸಿ, ಹೆಡ್‌ಮಾಸ್ತರರ ಜೊತೆ ಮೊದಲೇ ಮಾತಾಡಿದ್ದೇನೆ ಎಂದರು. ಎಂಟನೆಯ ವರ್ಗದ ಇಂಗ್ಲಿಷ್ ಇನ್ನು ಮುಂದೆ ನನ್ನದಂತೆ.

"ಮತ್ತ ನೀವು?"

"ನಾ ವರ್ಷ ಮುಗದಿಂದ ಹೋಗಾಕಿ. ನೀವು ಇರಾಕಿ."

ನಾನು ಬೇಡವೆಂದು ವಾದ ಮಾಡುತ್ತ ಶಾಲೆಯವರೆಗೂ ನಡೆದೆ. ಒಳಗೆ ಹೋಗುವಾಗ ಎಂಟನೆಯ ವರ್ಗದ ಮಕ್ಕಳು ಕಿಟಕಿಯಿಂದ ಇಣುಕಿ, ಇವತ್ತು ಯಾವ ಆಟ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು. ವಾದ ಅಲ್ಲಿಗೆ ಮುಗಿಯಿತು. ಪೋಸ್ಟ್ ಆಫೀಸ್ ಆಡೋಣ ಎಂದೆ.